ಗವಿಯ ನೀರು ದಾಟಿದ ಕೈ

ಕಮಲಾಪುರದ ಗವಿಯೊಳಗಿನ ಕೆರೆಯನ್ನು ಹರೆಯದಲ್ಲಿ ದಾಟಿದ್ದೆನೆಂದು ನಮ್ಮವರು, ಭೀಮಶಾ, ಐವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಗೆಳೆಯ ಹುಸೇನನ ಸಂಗಡ ಪಂದ್ಯ ಕಟ್ಟಿ ಗೆದ್ದ ಕೆಂಪು ಬಾಳೆಯ ಗೊನೆಯನ್ನು ನನ್ನ ತವರುಮನೆಗೆ ಹೊತ್ತು ತಂದಿದ್ದರು. ಆ ಹಣ್ಣು ತಿಂದ ಮೇಲೆಯೇ ನಮ್ಮಪ್ಪ ಮದುವೆಗೆ ಹೂಂ ಅಂದದ್ದು. ನಾನು ನಂಬಿದೆನೋ ಇಲ್ಲವೋ, ಯಾರೂ ಕೇಳಲಿಲ್ಲ. ಮೊಮ್ಮಗಳು ಸಂಘಮಿತ್ರಾ ಮಾತ್ರ ಪೂರ್ತಿ ನಂಬಿದ್ದಳು.

ಈಗ ಗವಿಗೆ ದೀಪ ಹಾಕಿ, ಬಾಗಿಲಲ್ಲಿ ಪ್ರದರ್ಶನದ ಹಾಲ್ ಕಟ್ಟಿದ್ದಾರೆ. ಬಂದವರಿಗೆ ತೋರಿಸುವ ನೌಕರಿ ಸಂಘಮಿತ್ರಾಳದು.

"ಮುತ್ಯಾ, ನೀ ಈಜಿ ದಾಟಿದ್ದು ಎಲ್ಲಾರಿಗೂ ಹೇಳೀನಿ. ಬರಲೇಬೇಕು ನೋಡು," ಎಂದಳು.

ಅಂದಿನಿಂದ ನಮ್ಮವರಿಗೆ ಮೊಣಕಾಲು ನೋವು ಶುರುವಾಯಿತು. ಆದರೂ ನಮ್ಮೂರು ಕುಸನೂರಿನಿಂದ ಎಬ್ಬಿಸಿಕೊಂಡು, ಕಲಬುರಗಿಯಲ್ಲಿ ಬಸ್ಸು ಹಿಡಿದು ಹೋದೆವು.

ಹಾಲಿನೊಳಗೆ ಕತ್ತಲು. ನೆಲದ ತುಂಬ ನೀಲಿ ನೀರು, ಅದರಲ್ಲಿ ಮೀನು. ನಮ್ಮವರು ಧೋತರ ಮೇಲೆ ಕಟ್ಟಿ, ನಾಲ್ಕೇ ಬೆರಳಿನ ಎಡಗೈಯಲ್ಲಿ ಚಪ್ಪಲಿ ಹಿಡಿದರು. ನೀರಿಗೆ ಇಳಿಯುವ ಮೊದಲು ಒಂದಿಷ್ಟು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ರೂಢಿ. ನಾನು ಬಗ್ಗಿ ಕೈ ಅದ್ದಿದರೆ ಹತ್ತಿದ್ದು ಬರೀ ನೆಲದ ಫರಸಿಕಲ್ಲು.

"ಆಯಿ, ಅದು ಬೆಳಕು!" ಸಂಘಮಿತ್ರಾ ನಕ್ಕಳು.

ನಮ್ಮವರು ಮಾತ್ರ ಕದಲಲಿಲ್ಲ. "ಎಷ್ಟ ಆಳ ಅದ?"

"ಬೆಳಕಿಗೆಲ್ಲಿ ಆಳ, ಮುತ್ಯಾ? ನಡಿ."

"ನೀ ಮೊದಲ ನಡಿ."

ಅವಳ ಜೊತೆ ಕೆಲಸ ಮಾಡುವ ಮುಸ್ಕಾನ್ ಕಿಸಕ್ಕನೆ ನಕ್ಕಳು. "ಏನೇ, ಈಜಿ ದಾಟಿದ ಮುತ್ಯಾ ಇವರೇ ಏನು?"

ಸಂಘಮಿತ್ರಾಳ ಮುಖ ಸಣ್ಣದಾಯಿತು.

"ನಡೀರಿ, ನಾ ಕೈ ಹಿಡೀತೀನಿ," ಎಂದು ದಾಟಿಸಿದೆ.

ಆಚೆ ಗೋಡೆಗೆ ಒಂದು ಗಾಜಿನ ಹಲಗೆ, ಅದರಲ್ಲಿ ಕಪ್ಪು ಅಂಗೈಯ ಗುರುತು. ಸಂಘಮಿತ್ರಾ ಇಳಿದ ದನಿಯಲ್ಲಿ ಬಾಯಿಪಾಠ ಒಪ್ಪಿಸಿದಳು: ಕೆರೆಯ ಆಚೆ ದಂಡೆಯ ಬಂಡೆಯಲ್ಲಿ ಸಿಕ್ಕ ಕೈಗುರುತಿನ ನಕಲು ಇದು, ಕಿರುಬೆರಳಿಲ್ಲ, ಬೆರಳು ಕೊಡುವ ಹಿಂದಿನವರ ಯಾವುದೋ ವ್ರತವಿರಬಹುದು. ಕೈ ಇಟ್ಟು ಸರಿಹೊಂದಿದರೆ ದೀಪ ಹತ್ತುತ್ತದೆ. ಇದುವರೆಗೆ ಯಾರಿಗೂ ಹತ್ತಿಲ್ಲ.

"ಎಲ್ಲೀ ವ್ರತ!" ನಮ್ಮವರು ಗುರುಗುಟ್ಟಿದರು. "ಕಬ್ಬಿನ ಗಾಣದಾಗ ಹೋದ ಬೆರಳು ಅದು. ಹುಸೇನ ನಂಬಲಿ ಅಂತ ಕಂದೀಲಿನ ಮಸಿ ಹಚ್ಚಿ ಒತ್ತಿ ಬಂದಿದ್ದೆ. ಹೋಗಿ ನೋಡೋ ಧೈರ್ಯ ಅವಗೆಲ್ಲಿತ್ತು? ಸುಮ್ನ ಗೊನಿ ಕೊಟ್ಟ."

ಚಪ್ಪಲಿ ನನ್ನ ಕೈಗೆ ಕೊಟ್ಟು ಎಡಗೈ ಒತ್ತಿದರು. ಹಲಗೆ ಝಗ್ಗನೆ ಬೆಳಗಿತು.

ಮುಸ್ಕಾನ್ ಬಾಯಿ ತೆರೆದು ನಿಂತಳು. ಸಂಘಮಿತ್ರಾ ಮುತ್ಯಾನ ಕೊರಳಿಗೆ ಜೋತುಬಿದ್ದಳು. "ಮತ್ತ ಇಲ್ಲಿ ಯಾಕ ಅಂಜಿದಿ?"

"ಆ ನೀರು ಎದಿಮಟ್ಟ ಇತ್ತವ್ವಾ, ನಡಕೋತ ಹೋದೆ. ನಾ ದಾಟೀನಿ ಅಂದೀನಿ, ಈಜೀನಿ ಅಂದೀನೇನು? ಅದು ನೀ ಸೇರಿಸಿದ್ದು. ನನಗ ಈಜಾಕ ಎಲ್ಲಿ ಬರ್ತದ?"

ಆಮೇಲೆ ಗವಿಗೆ ಇಳಿದೆವು. ದಂಡೆಯಲ್ಲಿ ದೋಣಿ ನಿಂತಿತ್ತು. ನಾನು ಬಗ್ಗಿ ನೀರು ಕಣ್ಣಿಗೆ ಒತ್ತಿಕೊಂಡೆ. ಈ ಸಲ ತಣ್ಣಗಿತ್ತು.

"ದೋಣಿ ಯಾಕ? ದಾರಿ ನನಗ ಗೊತ್ತದ," ಎಂದರು ನಮ್ಮವರು.

ತಿರುಗಿ ನೋಡುವಷ್ಟರಲ್ಲಿ ಧೋತರ ಮೇಲೆ ಕಟ್ಟಿದ್ದರು. ಸಂಘಮಿತ್ರಾ ಹಿಂದಿನಿಂದ ಅಂಗಿ ಹಿಡಿದು ಜಗ್ಗುತ್ತಿದ್ದಳು. ಮೊಣಕಾಲು ನೋವಿನ ಸುದ್ದಿಯೇ ಇರಲಿಲ್ಲ.