ಬಾಗಿಲಲ್ಲಿ ಐದು ಡಿಗ್ರಿ

ಥಂಡಿ ಮೇಸ್ತ್ರಿಯ ಕೈಯಲ್ಲಿ ಫ್ರಿಜ್ಜು ರಿಪೇರಿ ಮಾಡಿಸಬೇಕಾದರೆ ಮೊದಲು ಫೋನಿನಲ್ಲಿ ಒಂದು ಪರೀಕ್ಷೆ ಪಾಸಾಗಬೇಕಿತ್ತು. "ಅದು ಹೇಗೆ ಕೂಗ್ತಿದೆ ಅಂತ ವರ್ಣನೆ ಮಾಡ್ಬೇಡಿ, ಕೂಗಿ ತೋರ್ಸಿ" ಎನ್ನುತ್ತಿದ್ದ ಅವನು. ಎಂಥೆಂಥವರೋ ಕೂಗಿದ್ದರು. ವಕೀಲರೊಬ್ಬರು ಕಕ್ಷಿದಾರನನ್ನು ಎದುರಿಗೇ ಕೂರಿಸಿಕೊಂಡು "ಗುರ್ರ್... ಟಕ್" ಎಂದಿದ್ದರು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದ, ಅದೇ ಸದ್ದನ್ನು ಅವರಿಗಿಂತ ಚೆನ್ನಾಗಿ ಕೂಗಿ, "ಹೀಗಾ? ಕೊನೇಲಿ ಒಂದು ಬಿಕ್ಕಳಿಕೆ ಇದ್ಯಾ? ಹಾಗಾದ್ರೆ ರಿಲೇ ಹೋಗಿದೆ" ಎಂದು ತೀರ್ಪು ಕೊಡುತ್ತಿದ್ದ. ಮೂವತ್ತು ವರ್ಷದಲ್ಲಿ ತೀರ್ಪು ತಪ್ಪಿದ್ದು ಎರಡೇ ಸಲ. ಎರಡು ಸಲವೂ ಕೂಗಿದವರಿಗೆ ನೆಗಡಿಯಾಗಿತ್ತು.

ಅವನ ಸ್ವಂತ ಮನೆಯ ಫ್ರಿಜ್ಜು ಮೂರು ಸತ್ತ ಫ್ರಿಜ್ಜುಗಳ ಪುನರ್ಜನ್ಮ. ಒಂದರ ಮೈ, ಇನ್ನೊಂದರ ಕಂಪ್ರೆಸರ್, ಮತ್ತೊಂದರ ಬಾಗಿಲು. ವಾರಕ್ಕೊಮ್ಮೆ ಒರೆಸಿ, ಹಿಂದಿನ ಜಾಲರಿಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದು, ಆಗಾಗ ತಲೆ ಸವರಿ ಬರುತ್ತಿದ್ದ. ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಅವಳು ಟೈಲರಮ್ಮ, ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಿಷನ್ನು ಇಟ್ಟುಕೊಂಡು ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ಮಾತಿನಲ್ಲಿ ಸಕ್ಕರೆ ಕಡಿಮೆ. ಅದೆಲ್ಲ ರಕ್ತಕ್ಕೆ ಹೋಗಿ ಸೇರಿದೆ ಎಂದು ಆಮೇಲೆ ತಿಳಿಯಿತು.

ಮಾತ್ರೆಗೆ ಬಗ್ಗದಿದ್ದಾಗ ಡಾಕ್ಟರು ಇನ್ಸುಲಿನ್ ಬರೆದರು. ಜೊತೆಗೆ ಒಂದು ಚೀಟಿ ಕೊಟ್ಟರು: ಎರಡರಿಂದ ಎಂಟು ಡಿಗ್ರಿಯೊಳಗೆ ಇಡಿ, ಹೆಪ್ಪುಗಟ್ಟಲು ಬಿಡಬೇಡಿ. ಮೇಸ್ತ್ರಿ ಚೀಟಿಯನ್ನು ಓದದೆಯೇ ಮಡಚಿದ. ಮೀನಿಗೆ ಈಜು ಕಲಿಸುವುದೇ? "ಡಾಕ್ಟ್ರೇ, ಥಂಡಿ ವಿಷಯ ನಂಗೆ ಬಿಡಿ" ಎಂದ.

ಮನೆಗೆ ಬಂದವನೇ ಸವತಿಯ ಬಾಗಿಲಿನ ಒಳಮೈಗೆ, ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ, ಒಂದು ಥರ್ಮಾಮೀಟರ್ ಅಂಟಿಸಿದ. ಅದು ಒಂಬತ್ತು ತೋರಿಸಿತು. ಥಂಡಿ ಹೆಚ್ಚಿಸುವ ಥರ್ಮೋಸ್ಟಾಟ್ ಗುಂಡಿಯನ್ನು ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ತಿರುಗಿಸಿದ. ಮರುದಿನ ಸರಿಯಾಗಿ ಐದು ಡಿಗ್ರಿ. ಇನ್ನು ಔಷಧದ ಸೀಸೆಗೆ ಗೌರವದ ಸ್ಥಾನ ಬೇಡವೇ? ಮೇಲಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ಒರಗಿಸಿ, ಥಂಡಿ ಹುಟ್ಟುವ ಮೂಲದಲ್ಲೇ ಕೂರಿಸಿದ. ಹಾಲು, ತರಕಾರಿಗಳು ಸಾಮಾನ್ಯ ಪ್ರಜೆಗಳಂತೆ ಮುಂದೆ ನಿಂತವು. ಬಂದವರಿಗೆಲ್ಲ ಬಾಗಿಲು ತೆಗೆದು ತೋರಿಸಿದ. ತಣ್ಣೀರನ್ನೂ ಆರಿಸಿ ಕುಡಿಯುವವರಿರುತ್ತಾರೆ. ಇವನು ತಣ್ಣೀರನ್ನೂ ಇನ್ನೊಮ್ಮೆ ತಣಿಸಿ ಕುಡಿಯುವವನು.

ಟೈಲರಮ್ಮನಿಗೆ ತಣ್ಣಗಿನ ಸೂಜಿ ಎಂದರೆ ಆಗದು. ಎದ್ದ ತಕ್ಷಣ, ಕನ್ನಡಕವನ್ನೂ ಹಾಕದೆ, ಮೇಸ್ತ್ರಿಯೇ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಡುವನು, ಒಂದು ಗಂಟೆ ಬಿಟ್ಟು ಅವಳು ಚುಚ್ಚಿಕೊಳ್ಳುವಳು. ಒಂದು ದಿನವೂ ತಪ್ಪಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ. ನೂರ ತೊಂಬತ್ತು ಇದ್ದದ್ದು ಇನ್ನೂರ ಇಪ್ಪತ್ತಾಯಿತು. ಡಾಕ್ಟರು ಪ್ರಮಾಣ ಏರಿಸಿದರು. ಇನ್ನೂರ ಅರವತ್ತಾಯಿತು, ಮತ್ತೆ ಏರಿಸಿದರು. ಅವಳ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ಕಾಲು ಗಂಟೆ. ಗಂಡನ ಕೆಲಸದ ಅಂಗಿಗೆ ಜೇಬನ್ನು ಒಳಗಡೆಗೆ ಹೊಲಿದಳು. ಅವನು ನಕ್ಕ, ಅವಳು ನಗಲಿಲ್ಲ. ಸೋಮವಾರದ ಪರೀಕ್ಷೆಯಲ್ಲೂ ಹೀಗೇ ಬಂದರೆ ಆಸ್ಪತ್ರೆಗೆ ಸೇರಿಸಬೇಕು, ಕಣ್ಣಿನ ಒಳಪದರವನ್ನೂ ನೋಡಬೇಕು ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಔಷಧ ಸರಿಯಿದೆ, ಚುಚ್ಚುವುದು ಸರಿಯಿದೆ, ಥಂಡಿಯಂತೂ ಸರಿಯಿದ್ದೇ ಇದೆ. ಉಳಿದದ್ದು ಒಂದೇ: ಇವಳು ಕದ್ದು ತಿನ್ನುತ್ತಿದ್ದಾಳೆ. ಮೇಸ್ತ್ರಿ ಪತ್ತೇದಾರನಾದ. ಬಿಸ್ಕತ್ತಿನ ಡಬ್ಬಿ ತೆಗೆದು ಎಣಿಸಿದ, ಇಪ್ಪತ್ತಮೂರು. ಮರುದಿನ ಇಪ್ಪತ್ತಮೂರು. ಮೂರನೆಯ ದಿನವೂ ಇಪ್ಪತ್ತಮೂರು. ಅವನ ಅನುಮಾನ ಗಟ್ಟಿಯಾಯಿತು: ಇಷ್ಟು ಅಚ್ಚುಕಟ್ಟಾಗಿ ಕದಿಯುವವಳು ಸಾಮಾನ್ಯ ಕಳ್ಳಿಯಲ್ಲ. ಅಂಗಡಿಗೆ ಹೋದವಳ ಹಿಂದೆಯೇ ಹೋಗಿ ಕಂಬದ ಮರೆಯಲ್ಲಿ ನಿಂತ. ಅವಳು ಎರಡು ಉಂಡೆ ನೀಲಿ ದಾರ, ಒಂದು ಡಜನ್ ಗುಂಡಿ ಕೊಂಡು ಬಂದಳು. ಕೊನೆಗೆ ಸಕ್ಕರೆ ಡಬ್ಬಿಯನ್ನೇ ತನ್ನ ಟೂಲ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದ. ಬಂದವರ ಕಾಫಿಗೆ ಸಕ್ಕರೆ ಬೇಕಾದರೆ ಸ್ಪ್ಯಾನರುಗಳ ನಡುವಿನಿಂದ ತೆಗೆಯಬೇಕಾಗಿತ್ತು.

ಅವಳು ಬೀಗವನ್ನು ನೋಡಿದಳು, ಅವನನ್ನು ನೋಡಿದಳು.

"ನಾನು ತಿಂದಿಲ್ಲ ರೀ."

"ಸಕ್ಕರೆ ಮೀಟರ್ ಸುಳ್ಳು ಹೇಳಲ್ಲ ಕಣೇ."

"ಮೂವತ್ತು ವರ್ಷ ಸಂಸಾರ ಮಾಡಿದೀನಿ. ಬೆರಳ ತುದಿಯ ಒಂದು ಹನಿ ರಕ್ತದ ಮಾತು ನಂಬ್ತೀರಿ, ನನ್ನ ಮಾತು ನಂಬಲ್ಲ."

ಆಮೇಲೆ ಎರಡು ದಿನ ಆ ಮನೆಯಲ್ಲಿ ಮಾತಾಡಿದ್ದು ಹೊಲಿಗೆ ಮಿಷನ್ನು ಮಾತ್ರ. ಅದೂ ನಡುನಡುವೆ ದಾರ ತುಂಡಾಗಿ ತೊದಲುತ್ತಿತ್ತು. ಆ ತೊದಲು ಕೇಳಿದಾಗೆಲ್ಲ ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಆ ಕಡೆ ಕಿವಿಗೊಡುತ್ತಿದ್ದ. ಅವಳಿಗೆ ಕಣ್ಣು ಹೋದರೆ ಕೈ ಹೋದ ಹಾಗೆ; ಅದು ಇವನಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಆರೂವರೆಗೇ ಫೋನು ಬಂತು. ಮೇಸ್ತ್ರಿ ಆಗಷ್ಟೇ ಎದ್ದಿದ್ದ. ಸೀಸೆಯನ್ನು ಇನ್ನೂ ಹೊರಗಿಟ್ಟಿರಲಿಲ್ಲ. ಪಕ್ಕದ ಬೀದಿಯ ನಿವೃತ್ತ ಹೆಡ್ ಮಿಸ್ಸು. ಅವರ ಸೌತೆಕಾಯಿಗಳು ಫ್ರಿಜ್ಜಿನೊಳಗೆ ಗಾಜಿನಂತಾಗಿವೆಯಂತೆ, ಮುರಿದರೆ ಪಟ್ ಎನ್ನುತ್ತವಂತೆ, ಆದರೆ ಥರ್ಮಾಮೀಟರ್ ಮಾತ್ರ ಐದೇ ತೋರಿಸುತ್ತಿದೆಯಂತೆ. ಮೇಸ್ತ್ರಿಗೆ ಹುರುಪು ಬಂತು. ಎರಡು ದಿನದ ಮೌನಕ್ಕೆ ಒಂದು ಕಿಂಡಿ ಸಿಕ್ಕಿತ್ತು. ಮುಂದಿನ ಕೋಣೆಯವರೆಗೂ ಕೇಳುವಂತೆ ಪಾಠ ಶುರು ಮಾಡಿದ.

"ಥರ್ಮಾಮೀಟರ್ ಎಲ್ಲಿದೆ ಮಿಸ್? ಬಾಗಿಲಲ್ಲಾ? ಬಾಗಿಲಲ್ಲಿರೋದು ಬೀದಿ ಸುದ್ದಿ ಹೇಳುತ್ತೆ, ಮನೆ ಒಳಗಿನ ಸುದ್ದಿ ಹೇಳಲ್ಲ. ಬಾಗಿಲಲ್ಲಿ ಐದು ಬರ್ಲಿ ಅಂತ ಥರ್ಮೋಸ್ಟಾಟ್ ಏರಿಸಿದ್ರೆ ಹಿಂದಿನ ಗೋಡೆ ಹತ್ರ ಸೊನ್ನೆಗಿಂತ ಕೆಳಗೆ ಹೋಗುತ್ತೆ. ರಾತ್ರಿಯೆಲ್ಲ ಬಾಗಿಲು ತೆಗೆಯೋರಿಲ್ಲ, ಅಲ್ಲಿದ್ದದ್ದು ಕಲ್ಲಾಗುತ್ತೆ. ಇಷ್ಟೂ ಗೊತ್ತಿಲ್ದೇ ಜನ ಫ್ರಿಜ್ಜು ಇಟ್ಕೋತಾರೆ."

ಹೆಡ್ ಮಿಸ್ಸು ಶಿಷ್ಯೆಯಂತೆ ಹೂಂಗುಟ್ಟಿ ಫೋನಿಟ್ಟರು. ಮುಂದಿನ ಕೋಣೆಯಲ್ಲಿ ಮಿಷನ್ನು ನಿಂತಿತು. ಟೈಲರಮ್ಮ ಅಡುಗೆಮನೆಯತ್ತ ಹೋದದ್ದನ್ನು ಮೇಸ್ತ್ರಿ ಗಮನಿಸಲಿಲ್ಲ.

ಎರಡು ನಿಮಿಷಕ್ಕೆ ಮತ್ತೆ ಫೋನು. ಕನ್ನಡಕ ಹಣೆಯ ಮೇಲಿತ್ತು, ಹೆಸರು ನೋಡಲಿಲ್ಲ. ಆ ಕಡೆಯಿಂದ ಸೀಮೆಸುಣ್ಣ ಗೀಚಿದಂಥ ಗಂಟಲು, ಹೆಡ್ ಮಿಸ್ಸಿನದೇ.

"ಮೇಸ್ತ್ರಿಗಳೇ, ಇನ್ನೊಂದು ವಸ್ತು ಗಟ್ಟಿಯಾಗಿದೆ."

"ಎಲ್ಲಿಟ್ಟಿದ್ರಿ ಮಿಸ್?"

"ಹಿಂದಿನ ಗೋಡೆಗೆ ಒರಗಿಸಿ."

"ಹಾಗಿಡೋಕೆ ಯಾರು ಹೇಳಿದ್ದು?"

"ನಮ್ಮ ಯಜಮಾನ್ರು. ಥಂಡಿ ವಿಷಯ ತಮಗೆ ಬಿಡಿ ಅಂದ್ರು."

"ಅಂಥವರ ಕೈಗೆ ಫ್ರಿಜ್ಜು ಕೊಡ್ಬಾರ್ದು ಮಿಸ್" ಎಂದ ಮೇಸ್ತ್ರಿ, ಮಿಸ್ಸಿನ ಯಜಮಾನರು ತೀರಿಕೊಂಡು ಆರು ವರ್ಷವಾಯಿತೆಂಬುದನ್ನು ಮರೆತು. ಅಭ್ಯಾಸದಂತೆ ಕಣ್ಣು ಮುಚ್ಚಿದ. "ಇರ್ಲಿ, ಅದರ ಸದ್ದು ಕೂಗಿ ತೋರ್ಸಿ."

"ಹೂಂ... ಹೂಂ... ಹೂಂ... ಗಟ್."

ಮೇಸ್ತ್ರಿ ಕಣ್ಣು ತೆರೆದ. ಆ 'ಗಟ್' ಊರಿನಲ್ಲಿ ಇದ್ದದ್ದು ಒಂದೇ ಫ್ರಿಜ್ಜಿಗೆ. ಅದನ್ನವನು ತಾಯಿಯ ಕೆಮ್ಮಿನಂತೆ ಗುರುತಿಸಬಲ್ಲ. ಅಲ್ಲದೆ ಸದ್ದು ಫೋನಿನಿಂದಲೂ ಬಂದಿತ್ತು, ಅಡುಗೆಮನೆಯಿಂದಲೂ ಬಂದಿತ್ತು.

ಅಡುಗೆಮನೆಯಲ್ಲಿ ಟೈಲರಮ್ಮ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೀಸೆ ಹಿಡಿದು, ಅನುಕರಿಸಿದ್ದ ಮಿಸ್ಸಿನ ಗಂಟಲನ್ನು ಕಳಚಿಟ್ಟು ನಿಂತಿದ್ದಳು. ಸೀಸೆಯನ್ನು ಬೋರಲು ಮಾಡಿದಳು. ಒಳಗಿನದು ಮಿಸುಕಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಅವಳ ಅಂಗೈಯ ಬಿಸಿಗೆ ಅದು ಮೆಲ್ಲಗೆ ಕರಗಿ, ಮೊದಲಿನಂತೆ ತಿಳಿನೀರಾಯಿತು. ದಿನವೂ ಮೇಜಿನ ಮೇಲೆ, ಬಟ್ಟೆಯೊಳಗೆ, ಒಂದು ಗಂಟೆಯಲ್ಲಿ ಆಗುತ್ತಿದ್ದದ್ದು ಇದೇ.

"ಈಗ ಯಾರು ಕಳ್ಳರು?" ಎಂದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮೇಸ್ತ್ರಿ ಫ್ರಿಜ್ಜಿನ ಬಾಗಿಲು ತೆರೆದ. ಥರ್ಮಾಮೀಟರನ್ನು ನೋಡಿದ. ಐದು ಡಿಗ್ರಿ. ಬಾಗಿಲು ಮುಚ್ಚಿದ.

ಅಂಗಡಿ ತೆರೆಯುವ ಹೊತ್ತಿಗೆ ಔಷಧಿ ಅಂಗಡಿಯಮ್ಮನ ಮುಂದೆ ಇಬ್ಬರೂ ನಿಂತಿದ್ದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ನಂಬುವಂತಿಲ್ಲ, ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಮಾತ್ರ ಮಾಡದಿರಬಹುದು, ಎಸೆಯಲೇಬೇಕು ಎಂದು ಆಕೆ ಹೇಳಿದಳು. ಮೇಸ್ತ್ರಿ ತಲೆ ತಗ್ಗಿಸಿ, ಹಾಗಾದರೆ ಹೊಸದೊಂದು ಕೊಟ್ಟುಬಿಡಿ, ಡಾಕ್ಟರಿಗೇಕೆ ತೊಂದರೆ ಎಂದ. ಅಸಲು ಸಂಗತಿ ಬೇರೆ. ಡಾಕ್ಟರ ದವಾಖಾನೆಯ ಲಸಿಕೆ ಫ್ರಿಜ್ಜಿಗೂ ಇವನದೇ ಉಸ್ತುವಾರಿ. ಸ್ವಂತ ಮನೆಯಲ್ಲಿ ಹೆಂಡತಿಯ ಔಷಧವನ್ನೇ ಕಲ್ಲು ಮಾಡಿದವನನ್ನು ಇನ್ನು ಅದರ ಹತ್ತಿರ ಬಿಟ್ಟುಕೊಂಡಾರೆಯೇ?

ಅಂಗಡಿಯಮ್ಮ ಸೀಸೆ ತೆಗೆದಳು, ಆದರೆ ಅದರ ಮೇಲೆ ಅಂಗೈ ಮುಚ್ಚಿಕೊಂಡಳು.

"ಕೆಲಸ ಮಾಡದ ಔಷಧಕ್ಕೆ ಡಾಕ್ಟ್ರು ಎರಡು ಸಲ ಪ್ರಮಾಣ ಏರಿಸಿದಾರೆ. ಕೆಲಸ ಮಾಡೋ ಔಷಧನ ಅಷ್ಟೇ ಚುಚ್ಚಿದ್ರೆ ಸಕ್ಕರೆ ಪಾತಾಳಕ್ಕೆ ಬೀಳುತ್ತೆ ಮೇಸ್ತ್ರಿಗಳೇ. ಇವರು ಮಿಷನ್ ಮುಂದೆನೇ ಬಿದ್ದುಹೋಗ್ಬಹುದು. ಮೊದ್ಲು ಅವರಿಗೆ ಹೇಳಿ."

"ಕರೆಂಟ್ ಹೋಗಿತ್ತು, ಔಷಧ ಕೆಟ್ಟಿತು ಅಂತ ಹೇಳ್ಲಾ?"

"ಕರೆಂಟ್ ಹೋದ್ರೆ ಬಿಸಿಯಾಗುತ್ತೆ, ಹೆಪ್ಪುಗಟ್ಟಲ್ಲ. ಸುಳ್ಳು ಹೇಳೋಕಾದ್ರೂ ನಿಮ್ಮ ಕಸುಬು ನೆನಪಿರ್ಲಿ."

ಟೈಲರಮ್ಮ ಎರಡು ದಿನಗಳಲ್ಲಿ ಮೊದಲ ಬಾರಿ ನಕ್ಕಳು. ಆ ನಗೆಯೇ ಅವನನ್ನು ದವಾಖಾನೆಯವರೆಗೆ ತಳ್ಳಿಕೊಂಡು ಹೋಯಿತು.

ಡಾಕ್ಟರ ಮುಂದೆ ಅವನು ಏನನ್ನೂ ಮುಚ್ಚಿಡಲಿಲ್ಲ. ಬಾಗಿಲಿನ ಥರ್ಮಾಮೀಟರು, ಏಳಕ್ಕೆ ತಿರುಗಿಸಿದ ಥರ್ಮೋಸ್ಟಾಟು, ಗೌರವದ ಸ್ಥಾನ, ಕೊನೆಗೆ ಕಂಬದ ಮರೆಯಲ್ಲಿ ನಿಂತದ್ದನ್ನೂ ಹೇಳಿದ. ಕಂಬದ ವಿಷಯ ಟೈಲರಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳ ಹುಬ್ಬು ಏರಿದ್ದು ಹಾಗೇ ನಿಂತಿತು. ಡಾಕ್ಟರು ಪ್ರಮಾಣವನ್ನು ಮೊದಲಿನಷ್ಟಕ್ಕೇ ಇಳಿಸಿದರು, ಸೋಮವಾರದ ಪರೀಕ್ಷೆಯನ್ನು ಎರಡು ವಾರ ಮುಂದೂಡಿದರು, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದಿಡಲು ಹೇಳಿದರು, ಕೈಕಾಲು ನಡುಗಿ ಬೆವತರೆ ಕೂಡಲೇ ಸಕ್ಕರೆ ನೀರು ಕೊಡಬೇಕೆಂದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದರು:

"ನಮ್ಮ ಲಸಿಕೆ ಫ್ರಿಜ್ಜಲ್ಲಿ ಥರ್ಮಾಮೀಟರ್ ಎಲ್ಲಿಟ್ಟಿದೀರಿ?"

"ಮಧ್ಯದ ತಟ್ಟೇಲಿ, ಲಸಿಕೆ ಪಕ್ಕದಲ್ಲೇ ಡಾಕ್ಟ್ರೇ. ಅದು ಬೇರೆಯವರ ಫ್ರಿಜ್ಜಲ್ವಾ, ನೋಡ್ಕೊಂಡು ಕೆಲ್ಸ ಮಾಡಿದ್ದೆ."

ಡಾಕ್ಟರು ಹೋಗಿ ನೋಡಿ ಬಂದರು. ಅಲ್ಲೇ ಇತ್ತು. ಆದರೂ ಇನ್ನು ಮುಂದೆ ತಿಂಗಳಿಗೊಮ್ಮೆ ತಾವೂ ನೋಡುವುದಾಗಿ ಹೇಳಿದರು. ಮೇಸ್ತ್ರಿ ಅದನ್ನು ಶಿಕ್ಷೆಯೆಂದೇ ನುಂಗಿಕೊಂಡ.

ಮನೆಗೆ ಬಂದು ಥರ್ಮೋಸ್ಟಾಟನ್ನು ಮೂರಕ್ಕೆ ಇಳಿಸಿದ. ಥರ್ಮಾಮೀಟರನ್ನು ಬಾಗಿಲಿನಿಂದ ಕಿತ್ತು ಮಧ್ಯದ ತಟ್ಟೆಯ ನಡುವೆ ಇಟ್ಟ. ಅದು ನಾಲ್ಕೂವರೆಗೆ ಬಂದು ನಿಂತ ಮೇಲೆ, ತೆರೆಯದ ಸೀಸೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಅದರ ಪಕ್ಕ ಕೂರಿಸಿದ, ಗೋಡೆಗೆ ತಾಗದಂತೆ. ತೆರೆದ ಸೀಸೆ ಫ್ರಿಜ್ಜಿನ ಹೊರಗೇ ಇದ್ದರೂ ನಾಲ್ಕು ವಾರ ನಡೆಯುತ್ತದೆ, ಒಲೆ ಬಿಸಿಲು ತಾಗದಿದ್ದರೆ ಸಾಕು ಎಂದು ಅಂಗಡಿಯಮ್ಮ ಹೇಳಿದ್ದಳು. ಟೈಲರಮ್ಮ ಅದನ್ನು ತಂಪಾದ ಬಟ್ಟೆ ಕಪಾಟಿನಲ್ಲಿ, ತೆರೆದ ತಾರೀಖು ಬರೆದು, ತನ್ನ ಸುಪರ್ದಿಗೆ ತೆಗೆದುಕೊಂಡಳು. ಸವತಿಯ ಮನೆಗೆ ಅದನ್ನು ಇನ್ನು ಕಳಿಸುವುದಿಲ್ಲ ಎಂದಳು. ಟೂಲ್ ಬಾಕ್ಸಿನ ಬೀಗ ತೆಗೆಸಿದಳು. ಸಕ್ಕರೆ ಡಬ್ಬಿ ಗ್ರೀಸ್ ವಾಸನೆ ಹೊತ್ತು ಅಡುಗೆಮನೆಗೆ ಮರಳಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಮೀಟರ್ ನೂರ ಮೂವತ್ತೆರಡು ತೋರಿಸಿತು. ಇನ್ನೂ ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಟೈಲರಮ್ಮ ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿನಲ್ಲಿ ತೂರಿಸಿದಳು. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಮೇಸ್ತ್ರಿ ಅದನ್ನು ನೋಡಿ, ಕನ್ನಡಕ ಒರೆಸಲು ಎದ್ದು ಹೋದ.

"ಆ ಅಂಗಿ ಕೊಡಿ ರೀ. ಜೇಬು ಬಿಚ್ಚಿ ಹೊರಗಡೆಗೆ ಹೊಲಿದುಕೊಡ್ತೀನಿ."

"ಇರ್ಲಿ ಬಿಡು" ಎಂದ ಮೇಸ್ತ್ರಿ. ಒಳಜೇಬಿನಲ್ಲಿ ಡಾಕ್ಟರು ಕೊಟ್ಟ ಹಳೆಯ ಚೀಟಿ ಇತ್ತು. ಈಗ ಬಿಡಿಸಿ ಓದಿದ್ದ, ಮೂರು ಸಲ.