ನಾಲ್ಕು ಬಕೆಟ್ ಸೋಡಾ

ಆ ಮನುಷ್ಯ ನನ್ನ ಸೊಸೆಯ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಬೋರಲು ಸುರಿದ. ಬಾಚಣಿಗೆ, ಊಟದ ಡಬ್ಬಿ, ತಲೆನೋವಿನ ಮಾತ್ರೆ ಬಿದ್ದವು. ಅವನು ಹುಡುಕುತ್ತಿದ್ದ ಉಪ್ಪು ಮಾತ್ರ ಬೀಳಲಿಲ್ಲ.

"ಆರು ಟ್ರೇ ಬರಬೇಕಿತ್ತು, ನಾಲ್ಕೇ ಬಂದಿದೆ. ಟ್ರೇಯಿಂದ ಉಪ್ಪು ಕೆರೆಯೋಳು ನೀನು. ಇನ್ನೆರಡು ಎಲ್ಲಿ? ಹೇಳು, ಇಲ್ಲಾ ನಾಳೆಯಿಂದ ಬರಬೇಡ."

ಅವನು ಹೊಸ ಮೇಲ್ವಿಚಾರಕ. ನಮ್ಮದು ಬಟ್ಟೆಯ ಬಣ್ಣಕ್ಕೆ ಬೇಕಾದ ಉಪ್ಪು ಮಾಡುವ ಶೆಡ್ಡು. ತೊಟ್ಟಿಗೆ ಆಸಿಡ್ ಸುರಿದು, ಬಟ್ಟೆ ಒಗೆಯುವ ಸೋಡಾಪುಡಿ ಕಲಸಿದ ನೀರನ್ನು ಸ್ವಲ್ಪಸ್ವಲ್ಪವೇ ಬಿಡುತ್ತೇವೆ, ನೊರೆ ಉಕ್ಕುತ್ತದೆ. ಎರಡು ಬಕೆಟ್ ಆಸಿಡ್ಡಿಗೆ ಒಂದು ಬಕೆಟ್ ಸೋಡಾ, ಅದರಿಂದ ಒಂದು ಟ್ರೇ ಉಪ್ಪು. ನನಗೆ ಅಕ್ಷರ ಅಷ್ಟಕ್ಕಷ್ಟೇ. ಆದರೆ ಇಪ್ಪತ್ತೆಂಟು ವರ್ಷ ಆ ನೊರೆ ನೋಡಿದ್ದೇನೆ. ಅದು ಏಳುವುದು ನಿಲ್ಲುವವರೆಗೆ ಸೋಡಾ ಬಿಡಬೇಕು, ಅದೇ ನಮ್ಮ ಕ್ರಮ.

ಮೊನ್ನೆ ಅವನು ಹನ್ನೆರಡು ಬಕೆಟ್ ಆಸಿಡ್ ಸುರಿಸಿದ. ಸೋಡಾ ನಾಲ್ಕು ಬಕೆಟ್ಟಿಗೇ ಮುಗಿಯಿತು. "ಸಾಲದು ಸಾರ್, ಸುರಿದಾಗೆಲ್ಲ ಇನ್ನೂ ಉಕ್ತಾ ಇದೆ. ನಾಳೆ ಹೊಸ ಮೂಟೆ ಬರಲಿ" ಅಂದೆ. "ಅಜ್ಜಿ, ಓದಿದ್ದು ನೀವೋ ನಾನೋ?" ಅಂತ ನಕ್ಕ. ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಈಗ ನನ್ನ ಮೇಲೇ ನನಗೆ ಸಿಟ್ಟು.

"ಚೀಲದಲ್ಲಿ ಹುಡುಕಬೇಡಿ, ಇಲ್ಲಿ ನೋಡಿ" ಅಂದು, ಉಪ್ಪು ತೆಗೆದ ಮೇಲೆ ಮಿಕ್ಕ ನೀರಿನ ಡ್ರಮ್ಮಿಗೆ ಹೊಸ ಮೂಟೆಯಿಂದ ಒಂದು ಹಿಡಿ ಸೋಡಾ ಎಸೆದೆ. ಬುಸ್ಸೆಂದು ನೊರೆ ಅಂಚು ಮೀರಿ ಅವನ ಬೂಟಿನ ಮುಂದೆ ಹರಿಯಿತು.

"ಜೊತೆ ಸಿಗದೆ ಕೂತಿರೋ ಆಸಿಡ್ ಇದು. ಒಂದೇ ಕೈಲಿ ಚಪ್ಪಾಳೆ ಆಗುತ್ತಾ ಸಾರ್? ಯಾವುದು ಮೊದಲು ಮುಗೀತೋ ಅದರಷ್ಟೇ ಉಪ್ಪು. ನಾಲ್ಕು ಸೋಡಾ, ನಾಲ್ಕು ಟ್ರೇ. ನೀವು ಆಸಿಡ್ ನೋಡಿ ಆರು ಅಂದ್ರಿ, ನನ್ನ ಸೊಸೇನ ಕಳ್ಳಿ ಅಂದ್ರಿ!"

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ" ಅಂತ ತಕ್ಕಡಿಯಲ್ಲಿ ಉಪ್ಪು ತೂಗುವವಳು ಗೊಣಗಿದಳು.

"ಆಯ್ತಾಯ್ತು, ಎಲ್ಲಾ ಕೆಲಸಕ್ಕೆ ಹೋಗಿ" ಅಂದ ಮೇಲ್ವಿಚಾರಕ.

ಸೊಸೆ ಅಲುಗಲಿಲ್ಲ. ಖಾಲಿ ಚೀಲ ಅವನತ್ತ ಚಾಚಿದಳು. "ಸುರಿದವರೇ ತುಂಬಿಕೊಡಿ."

ಯಾರೂ ಕದಲಲಿಲ್ಲ. ಅವನು ಬಾಚಣಿಗೆ ಹಾಕಿದ, ಡಬ್ಬಿ ಹಾಕಿದ. ಮಾತ್ರೆ ಮೇಜಿನ ಕೆಳಗೆ ಜಾರಿತ್ತು. ಅದಕ್ಕೂ ಬಗ್ಗಿದ.

ಚೀಲ ಹೆಗಲಿಗೇರಿಸಿದ ಮೇಲೇ ಅವಳು ನನ್ನ ಕಡೆ ತಿರುಗಿದ್ದು. "ಅತ್ತೆ, ಇನ್ನೆರಡು ಬಕೆಟ್ ಸೋಡಾ ಕಲಸೋಣ ಬನ್ನಿ."