ನೀನು ಸುದ್ದಿಯಲ್ಲ

ಬೆಳಗ್ಗೆ ಹತ್ತೂಕಾಲು, ಅರ್ಜಿಯ ಮೇಲ್ ಇನ್ನೂ ಹೋಗಿಲ್ಲ, ಹನ್ನೆರಡರೊಳಗೆ ಕಳಿಸಿ ಎಂದಿದ್ದಾರೆ ಕಣ್ಣಾಸ್ಪತ್ರೆಯವರು, ರೋಗಿಗಳಿಗೆ ಹಂಚುವ ಮಾಸಪತ್ರಿಕೆಗೆ ಬರೆಯುವವರು ಬೇಕಂತೆ, ಪರದೆಯ ಮೇಲೆ ‘ನಾನು’ ಎಂಬ ಒಂದೇ ಪದ, ಅದರ ಪಕ್ಕ ಮಿಣಮಿಣ ಅನ್ನುವ ಕರ್ಸರಿನ ಕಡ್ಡಿ — ಆ ಪದ ಕಂಡ ಕೂಡಲೇ ಕೆಂಪು ಪೆನ್ಸಿಲಿನ ಗೀಟು ಎಡದಿಂದ ಬಲಕ್ಕೆ ಸರ್ರನೆ ಹಾಯುತ್ತದೆ, ಕತ್ತರಿ ಸಾರ್ ಎಳೆದ ಗೀಟು, ದಿನಪತ್ರಿಕೆಯ ಡೆಸ್ಕಿನಲ್ಲಿ ನಮ್ಮ ಮುಖ್ಯ ಉಪಸಂಪಾದಕರಿಗೆ ಎಲ್ಲರೂ ಇಟ್ಟಿದ್ದ ಹೆಸರು ಅದು, ನೀನು ಸುದ್ದಿಯಲ್ಲ ಕಣಮ್ಮ, ಬೆಂಕಿ ಬಿದ್ದಿದ್ದು ಗೋದಾಮಿಗೆ, ನಿನಗಲ್ಲ, ‘ನಾನು ಹೋದಾಗ’ ಅಂತ ಯಾಕೆ ಬೇಕು, ತೆಗಿ, ಅನ್ನುತ್ತಿದ್ದರು. ತೆಗೆದೆ, ಇಪ್ಪತ್ತು ವರ್ಷ ತೆಗೆದೆ, ನನ್ನದನ್ನೂ ಬೇರೆಯವರದನ್ನೂ, ಈಗ ತಮ್ಮ ಎದ್ದವನೇ ಫೋನ್ ಮಾಡಿ, ಅಕ್ಕ, ನಾನು ನಲ್ಲಿ ಮಾರೋನು, ತಿರುಗಿಸಿ ತೋರಿಸದೆ ಒಬ್ಬನೂ ತಗೊಳಲ್ಲ, ಮೊದಲು ನೀನ್ಯಾರು ಹೇಳು, ಆಮೇಲೆ ಅವರಿಗೆ ಏನು ಮಾಡಿಕೊಡ್ತೀಯ ಹೇಳು, ಜೊತೆಗೊಂದು ಸ್ಯಾಂಪಲ್ಲು ಇಡು, ಅವರ ಪತ್ರಿಕೆ ಓದಿದೀಯಾ? ಓದಿದೆ ಕಣೋ, ಎರಡು ತಪ್ಪಿತ್ತು. ಅಯ್ಯೋ ಪುಣ್ಯಾತ್ಗಿತ್ತಿ, ಅದನ್ನ ಮಾತ್ರ ಹೇಳಬೇಡ — ಆಗದಿದ್ರೆ ಬಿಡು, ಒಂದನೇ ತಾರೀಖಿಂದ ನಮ್ಮ ಅಂಗಡೀಲಿ ಬಿಲ್ ಬರೀತಾ ಕೂತ್ಕೋ, ಅದೂ ಬರೆಯೋದೇ ತಾನೆ. ನಕ್ಕ, ನಾನೂ ನಕ್ಕೆ, ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ಸ್ಯಾಂಪಲ್ಲಿಗೆಂದು ಹಳೆಯ ಪತ್ರಿಕೆಯ ತುಣುಕುಗಳನ್ನು ಹರವಿದರೆ ಎಲ್ಲದರ ನೆತ್ತಿಯ ಮೇಲೂ ‘ನಮ್ಮ ಪ್ರತಿನಿಧಿಯಿಂದ’, ಎಲ್ಲೂ ನಾನಿಲ್ಲ, ಮೂಗಿಗೆ ಹಿಡಿದರೆ ಮಾತ್ರ ಎಲ್ಲ ಇದೆ — ಶಾಯಿ, ಕೆಳಗೆ ಯಂತ್ರ ಹೊರಟಾಗ ಮೇಜಿನ ಮೇಲೆ ಗಲಗುಟ್ಟುತ್ತಿದ್ದ ಟೀ ಲೋಟಗಳು, ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯುವ ಸಾರ್, ಬಿಸಿ ಆರದ ಮೊದಲ ಪ್ರತಿ, ಅದನ್ನು ನನ್ನ ಕೈಗೇ ಕೊಡುತ್ತಿದ್ದರು, ಓದಮ್ಮ, ಬೈಯೋರು ನಾಳೆ ಬರ್ತಾರೆ. ಅವರು ತೀರಿಕೊಂಡ ಸುದ್ದಿ ಬರೆದವಳೂ ನಾನೇ, ಒಂದು ಕಾಲಂ, ಕೊನೆಗೆ ‘ನನಗೆ ಬರೆಯಲು ಕಲಿಸಿದವರು’ ಎಂದು ಸೇರಿಸಿ, ನಾನೇ ಗೀಟು ಎಳೆದೆ, ಮರುವರ್ಷ ಪತ್ರಿಕೆಯೂ ನಿಂತಿತು.

ಹನ್ನೆರಡಾಗುತ್ತ ಬಂತು, ತುಣುಕುಗಳು ಬೇಡ, ಹೊಸದೇ ಬರೆದೆ, ಕಣ್ಣಿಗೆ ಔಷಧಿ ಬಿಡುವುದು ಹೇಗೆ, ಅಮ್ಮನಿಗೆ ಬಿಡುತ್ತಿದ್ದಂತೆ, ತಲೆ ಹಿಂದಕ್ಕೆ, ಕೆಳರೆಪ್ಪೆ ಮೆಲ್ಲಗೆ ಎಳೆದು ಒಂದೇ ಹನಿ, ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಮೇಲೆ ಪರಿಚಯದ ನಾಲ್ಕು ಸಾಲು, ಇಪ್ಪತ್ತು ವರ್ಷದ ಕೆಲಸ, ಏನೇನು ಬರೆಯಬಲ್ಲೆ, ಎಷ್ಟು ಬೇಗ, ಒಮ್ಮೆ ಓದಿದೆ, ಹೆಚ್ಚಾದದ್ದನ್ನೆಲ್ಲ ತೆಗೆದೆ, ಕಳಿಸಿದೆ, ಕಚೇರಿಗೆಂದು ಮಾಡಿಕೊಂಡಿದ್ದ ಹಳೆಯ ಮೇಲ್ ವಿಳಾಸದಿಂದಲೇ, ಅದರಲ್ಲಿ ಹೆಸರಿನ ಜಾಗದಲ್ಲಿ ‘ಡೆಸ್ಕ್’ ಎಂದಷ್ಟೇ ಇದೆ. ಊಟಕ್ಕೆ ಕೂತಾಗ ಉತ್ತರ, ಬರಹ ಹಿಡಿಸಿತು, ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇವೆ, ಹೆಸರು ಹಾಕುವುದು ನಮ್ಮ ಪದ್ಧತಿ, ಬರೆದವರು ಯಾರು? ಎಡಗೈಯಲ್ಲೇ ಕಳಿಸಿದ್ದನ್ನು ತೆರೆದೆ, ತಲೆಯಿಂದ ಬುಡದವರೆಗೆ ನನ್ನ ಹೆಸರಿಲ್ಲ, ತೆಗೆದದ್ದು ನೆನಪೂ ಇಲ್ಲ — ಉತ್ತರ ಬರೆಯಲು ಖಾಲಿ ಪರದೆ, ‘ನಾನು’, ಪಕ್ಕದಲ್ಲಿ ಮಿಣಮಿಣ ಕಡ್ಡಿ, ಎಡದಿಂದ ಬಲಕ್ಕೆ ಕೆಂಪು ಗೀಟು, ಕೆಂಪು ಗೀಟು. ಗೀಟಿನ ಕೆಳಗೆ ನನ್ನ ಹೆಸರು ಟೈಪ್ ಮಾಡಿ ಕಳಿಸಿದೆ.